ಕಾಶಿಯನ್ನು ಅಳೆದ ಟಂಕಸಾಲೆ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್

ಕಾಶಿಯಾತ್ರೆಗೆ ಹೋದವರು ಪಂಚಗಂಗಾ ಘಾಟ್‌ನಲ್ಲಿ ಮಿಂದು ತಲೆಯೆತ್ತಿದರೆ ಔರಂಗಜೇಬನ ಕಾಲದ ಮಸೀದಿ ಕಾಣುತ್ತದೆ. 1820ರ ದಶಕದಲ್ಲಿ ಅದರ ಎತ್ತರದ ಮಿನಾರುಗಳು ಕುಸಿಯುವ ಸ್ಥಿತಿಗೆ ಬಂದಿದ್ದವು. ಅವುಗಳ ದುರಸ್ತಿಗೆ ನೆರವಾದವರು ಜೇಮ್ಸ್ ಪ್ರಿನ್ಸೆಪ್. ಅವರು ಪುರಾತತ್ವ ಇಲಾಖೆಯವರಲ್ಲ. ಆ ಇಲಾಖೆ ಹುಟ್ಟಿದ್ದೇ 1861ರಲ್ಲಿ. ಟಂಕಸಾಲೆಯಲ್ಲಿ ಬೆಳ್ಳಿ, ಬಂಗಾರದ ಶುದ್ಧತೆ ಪರೀಕ್ಷಿಸುವುದು ಅವರ ಉದ್ಯೋಗವಾಗಿತ್ತು.

1799ರ ಆಗಸ್ಟ್ 20ರಂದು ಜನಿಸಿದ ಪ್ರಿನ್ಸೆಪ್ ಇಂಗ್ಲೆಂಡಿನಲ್ಲಿ ಮೊದಲು ವಾಸ್ತುಶಿಲ್ಪ ಕಲಿತರು. ಕಣ್ಣಿನ ತೊಂದರೆಯಿಂದ ಅದನ್ನು ಬಿಟ್ಟು ಲೋಹಪರೀಕ್ಷೆಯ ತರಬೇತಿ ಪಡೆದು 1819ರಲ್ಲಿ ಕಲ್ಕತ್ತೆಗೆ ಬಂದರು. ಒಂದು ವರ್ಷದೊಳಗೆ ಬನಾರಸ್ ಟಂಕಸಾಲೆಗೆ ನೇಮಕಗೊಂಡು, 1830ರಲ್ಲಿ ಅದು ಮುಚ್ಚುವ ತನಕ ಅಲ್ಲೇ ಸೇವೆ ಸಲ್ಲಿಸಿದರು.

ಕಚೇರಿಯ ಕೆಲಸ ಮುಗಿದ ಮೇಲೆ ಇಡೀ ನಗರವೇ ಅವರ ಕಾರ್ಯಕ್ಷೇತ್ರವಾಯಿತು. 1822ರಲ್ಲಿ ಓಣಿ ಓಣಿ ಅಳೆದು, ಮೈಲಿಗೆ ಎಂಟು ಇಂಚಿನ ಪ್ರಮಾಣದಲ್ಲಿ ಕಾಶಿಯ ನಕ್ಷೆ ತಯಾರಿಸಿದರು. ಜನಗಣತಿ ನಡೆಸಿ ಸುಮಾರು 1.8 ಲಕ್ಷ ಜನಸಂಖ್ಯೆಯ ಲೆಕ್ಕ ಕೊಟ್ಟರು. ಹವಾಮಾನದ ದಾಖಲೆಯನ್ನೂ ಇಟ್ಟರು. ಘಾಟ್, ಗುಡಿ, ಉತ್ಸವಗಳ ಚಿತ್ರಗಳನ್ನು ಬರೆದರು. ಅವು 1830ರಿಂದ 1834ರ ಅವಧಿಯಲ್ಲಿ ಮೂರು ಭಾಗಗಳಲ್ಲಿ ಪ್ರಕಟವಾದವು.

ಕೊಳೆತು ನಿಂತ ನೀರಿನಿಂದ ರೋಗ ಹರಡುತ್ತಿದ್ದ ನಗರಕ್ಕೆ ಕಮಾನಿನ ಸುರಂಗ ಚರಂಡಿ ನಿರ್ಮಿಸಲು ಅವರು ನೆರವಾದರು. ಕರ್ಮನಾಶಾ ನದಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. ಆದರೆ ಚರಂಡಿಯ ಲಾಭಕ್ಕೆ ಬೆಲೆಯನ್ನೂ ತೆರಬೇಕಾಯಿತು. ಮಚ್ಛೋದರಿಯಂತಹ ಪುರಾಣಪ್ರಸಿದ್ಧ ತೀರ್ಥದ ನೀರು ಬರಿದಾಯಿತು. ಇಂದು ಅಲ್ಲಿರುವುದು ಉದ್ಯಾನ. ಹಳೆಯದನ್ನು ಉಳಿಸುವುದೋ, ಜನರ ಆರೋಗ್ಯ ಕಾಯುವುದೋ ಎಂಬ ಪ್ರಶ್ನೆ ಆಗಲೇ ಎದುರಾಗಿತ್ತು.

ಕಲ್ಕತ್ತೆಗೆ ಮರಳಿದ ಪ್ರಿನ್ಸೆಪ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯ ಸಂಪಾದಕರಾದರು. ದೇಶಕ್ಕೆಲ್ಲ ಒಂದೇ ತೂಕದ ನಾಣ್ಯ ಬೇಕೆಂದು ಪ್ರತಿಪಾದಿಸಿದರು. 1835ರಲ್ಲಿ 180 ಗ್ರೇನ್ ತೂಕದ ಏಕರೂಪದ ರೂಪಾಯಿ ಜಾರಿಗೆ ಬಂತು. 1837ರಲ್ಲಿ ಸಾಂಚಿಯ ದಾನಶಾಸನಗಳ ಜಾಡು ಹಿಡಿದು ಅಶೋಕನ ಬ್ರಾಹ್ಮೀ ಲಿಪಿಯನ್ನು ಓದಿದರು. 1892ರಲ್ಲಿ ಬಿ.ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಶಾಸನ ಪತ್ತೆಹಚ್ಚಿದಾಗ, 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರೇ ದೊರೆತಾಗ, ಅವುಗಳನ್ನು ಓದಲು ಸಾಧ್ಯವಾದದ್ದು ಈ ಶ್ರಮದಿಂದಲೇ.

ಅತಿಯಾದ ದುಡಿಮೆಯ ನಡುವೆ ಆರೋಗ್ಯ ಕೆಟ್ಟಿತು. ತೀವ್ರ ತಲೆನೋವಿನಿಂದ ಬಳಲಿ 1838ರಲ್ಲಿ ಭಾರತ ಬಿಟ್ಟ ಅವರು 1840ರ ಏಪ್ರಿಲ್ 22ರಂದು ಲಂಡನ್ನಿನಲ್ಲಿ ನಿಧನರಾದರು. ಆಗ ಅವರಿಗೆ ಕೇವಲ 40 ವರ್ಷ. ಕಲ್ಕತ್ತೆಯ ಹೂಗ್ಲಿ ತೀರದ ಪ್ರಿನ್ಸೆಪ್ ಘಾಟ್ ಅವರ ಸ್ಮಾರಕವಾಗಿದೆ.

ಅವರು ದುರಸ್ತಿಗೆ ಶ್ರಮಿಸಿದ ಆ ಮಿನಾರುಗಳು ಇಂದಿಲ್ಲ. ಮಚ್ಛೋದರಿಯ ನೀರೂ ಇಲ್ಲ. ಅಂದಿನ ಕಾಶಿ ಹೇಗಿತ್ತೆಂದು ತಿಳಿಯಲು ಉಳಿದಿರುವುದು ಅವರ ನಕ್ಷೆ ಮತ್ತು ಚಿತ್ರಗಳು. ಯಾವುದೇ ಊರಿನಲ್ಲಿ ಹಳೆಯದಕ್ಕೆ ಕೈ ಹಾಕುವ ಮುನ್ನ ಅದನ್ನು ಅಳೆದು ಬರೆದಿಡಬೇಕು ಎಂಬುದಕ್ಕೆ ಅವರ ಬದುಕೇ ಸಾಕ್ಷಿ.