ಎದುರಾಳಿಯ ಮಾತನ್ನೂ ಕಲಿತ ಯತಿ

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯೊಂದರಲ್ಲಿ ಒಂಬತ್ತು ಮಂದಿ ಮಾಧ್ವ ಯತಿಗಳ ಬೃಂದಾವನಗಳಿವೆ. ನವಬೃಂದಾವನ ಎಂದೇ ಅದು ಪ್ರಸಿದ್ಧ. 2019ರ ಜುಲೈ ತಿಂಗಳ ಒಂದು ರಾತ್ರಿ ನಿಧಿಯಾಸೆಯ ದುಷ್ಕರ್ಮಿಗಳು ಅವುಗಳಲ್ಲಿ ಒಂದನ್ನು ಕೆಡವಿ, ನೆಲ ಅಗೆದು ಹೋದರು. ಸುದ್ದಿ ತಿಳಿದೊಡನೆ ಬೇರೆ ಬೇರೆ ಮಠಗಳ ಯತಿಗಳೂ ಭಕ್ತರೂ ನದಿ ದಾಟಿ ಬಂದು, ಕೆಲವೇ ದಿನಗಳಲ್ಲಿ ಆ ಬೃಂದಾವನವನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಇದೇ ನಡುಗಡ್ಡೆಯಲ್ಲಿ ಪೂಜೆಯ ಹಕ್ಕು ಯಾರದೆಂಬ ಪ್ರಶ್ನೆಯನ್ನು ಮಠಗಳು ನ್ಯಾಯಾಲಯದವರೆಗೆ ಒಯ್ದಿರುವುದೂ ಉಂಟು. ಅಂದು ಕಲ್ಲು ಹೊರಲು ಬಂದವರಿಗೆ ಆ ವ್ಯಾಜ್ಯ ಅಡ್ಡಿಯಾಗಲಿಲ್ಲ.

ಹಾಗೆ ಕೆಡವಲಾದ ಬೃಂದಾವನ ವ್ಯಾಸರಾಯರದು. ವ್ಯಾಸತೀರ್ಥರೆಂದೂ ವ್ಯಾಸರಾಜರೆಂದೂ ಹೆಸರಾದ ಇವರು 1539ರಲ್ಲಿ ತೀರಿಕೊಂಡರು. ಐದು ಶತಮಾನಗಳ ಹತ್ತಿರವಾಗುತ್ತ ಬಂದರೂ ಈ ಹೆಸರು ಜನಮನದಲ್ಲಿ ಮಾಸಿಲ್ಲ. ಆದರೆ ಇಂದು ಅವರನ್ನು ನೆನೆಯುವವರಲ್ಲಿ ಬಹುಪಾಲು ಮಂದಿ ಹನುಮನ ಗುಡಿಗಳನ್ನು ಕಟ್ಟಿಸಿದ ಯತಿ, ಕೃಷ್ಣದೇವರಾಯನ ಗುರು, ಪುರಂದರದಾಸರಿಗೆ ದೀಕ್ಷೆ ಕೊಟ್ಟವರು ಎಂಬಲ್ಲಿಗೆ ನಿಲ್ಲುತ್ತಾರೆ. ಧರ್ಮವನ್ನು ಅಧ್ಯಯನ ಮಾಡುವುದು, ಸಮುದಾಯವನ್ನು ಕಟ್ಟುವುದು, ರಾಜ್ಯದ ಸಾರ್ವಜನಿಕ ಬದುಕಿನಲ್ಲಿ ಹೊಣೆ ಹೊರುವುದು ಎಂಬ ಮೂರು ಕೆಲಸಗಳನ್ನು ಒಂದೇ ಜೀವಮಾನದಲ್ಲಿ ಒಂದಕ್ಕೊಂದು ಹೆಣೆದವರು ಅವರು. ಅನ್ಯಮತದೊಡನೆ ವ್ಯವಹರಿಸುವ ಬಗೆಯನ್ನೇ ನಾವು ಮರೆಯುತ್ತಿರುವ ಈ ದಿನಗಳಲ್ಲಿ ಅವರ ಬದುಕನ್ನು ಮತ್ತೊಮ್ಮೆ ಓದಿಕೊಳ್ಳುವುದು ಒಳಿತು.

ಅವರ ಜೀವನ ವೃತ್ತಾಂತಕ್ಕೆ ಮೂರು ಬಗೆಯ ಆಕರಗಳಿವೆ. ಸಮಕಾಲೀನನಾದ ಸೋಮನಾಥ ಕವಿಯ ಸಂಸ್ಕೃತ ಚಂಪೂಕಾವ್ಯ 'ವ್ಯಾಸಯೋಗಿಚರಿತ' ಒಂದು. 1926ರಲ್ಲಿ ಬಿ. ವೆಂಕೋಬರಾಯರು ಅದನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ವಿದ್ವಾಂಸರ ಗಮನ ಅತ್ತ ಹರಿಯಿತು. ಹಂಪಿ, ತಿರುಮಲೆ ಮೊದಲಾದೆಡೆಗಳ ಶಾಸನಗಳು ಎರಡನೆಯದು. ಮಠಗಳಲ್ಲಿಯೂ ದಾಸರ ಪರಂಪರೆಯಲ್ಲಿಯೂ ಉಳಿದು ಬಂದಿರುವ ಐತಿಹ್ಯ ಮೂರನೆಯದು. ಕಾವ್ಯ ಹೊಗಳುತ್ತದೆ, ಐತಿಹ್ಯ ಬೆಳೆಸಿ ಹೇಳುತ್ತದೆ. ಶಾಸನ ಮಾತ್ರ ದಾನ, ತೇದಿ, ಗಡಿ ಇವಿಷ್ಟನ್ನೇ ಹೇಳಿ ಸುಮ್ಮನಾಗುತ್ತದೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಆ ವ್ಯಕ್ತಿತ್ವದ ಸುಮಾರಾದ ಚಿತ್ರವೊಂದು ಮೂಡುತ್ತದೆ.

ಸುಮಾರು 1460ರಲ್ಲಿ ಮೈಸೂರು ಸೀಮೆಯ ಬನ್ನೂರಿನಲ್ಲಿ ಅವರ ಜನನ. ಬಾಲ್ಯದ ಹೆಸರು ಯತಿರಾಜ. ಚನ್ನಪಟ್ಟಣದ ಬಳಿಯ ಅಬ್ಬೂರಿನ ಬ್ರಹ್ಮಣ್ಯತೀರ್ಥರು ಎಳೆಯ ವಯಸ್ಸಿನಲ್ಲೇ ಅವರಿಗೆ ಸಂನ್ಯಾಸ ಕೊಟ್ಟರು. ಗುರುಗಳು ಬೇಗನೆ ತೀರಿಕೊಂಡುದರಿಂದ ಪೀಠದ ಭಾರ ತರುಣ ಯತಿಯ ಹೆಗಲಿಗೆ ಬಂತು. ಪೀಠವೇರಿದವರು ಉಪದೇಶಕ್ಕೆ ತೊಡಗುವುದು ವಾಡಿಕೆ. ಇವರು ಓದಲು ಹೊರಟರು. ಅಂದಿನ ಕಂಚಿ ಎಲ್ಲ ದರ್ಶನಗಳ ಪಂಡಿತರೂ ನೆರೆದಿದ್ದ ವಿದ್ಯಾಕೇಂದ್ರ. ಅಲ್ಲಿ ಅವರು ಅದ್ವೈತ, ವಿಶಿಷ್ಟಾದ್ವೈತ, ಮೀಮಾಂಸೆ, ನ್ಯಾಯ ಮೊದಲಾದ ಶಾಸ್ತ್ರಗಳನ್ನು ಕಲಿತರು. ತಮ್ಮದಲ್ಲದ ಮತಗಳನ್ನು ಆ ಮತದವರ ನಡುವೆಯೇ ಕುಳಿತು ತಿಳಿದುಕೊಂಡ ಈ ವರ್ಷಗಳೇ ಅವರ ಮುಂದಿನ ಬದುಕಿಗೆಲ್ಲ ಅಡಿಪಾಯ. ಆ ಬಳಿಕ ಮುಳಬಾಗಿಲಿನ ಶ್ರೀಪಾದರಾಜರ ಸನ್ನಿಧಿಯಲ್ಲಿ ಹಲವು ವರ್ಷ ದ್ವೈತ ವೇದಾಂತದ ಅಧ್ಯಯನ ನಡೆಯಿತು. ಸಂಸ್ಕೃತದಲ್ಲಿ ಶಾಸ್ತ್ರವನ್ನೂ ಕನ್ನಡದಲ್ಲಿ ಹಾಡನ್ನೂ ರಚಿಸಬಲ್ಲವರಾಗಿದ್ದ ಶ್ರೀಪಾದರಾಜರಿಂದ ಶಿಷ್ಯನಿಗೆ ಆ ಎರಡೂ ದಾರಿಗಳು ದೊರೆತವು.

ಶ್ರೀಪಾದರಾಜರ ಸೂಚನೆಯಂತೆ ಅವರು ಚಂದ್ರಗಿರಿಯಲ್ಲಿದ್ದ ಸಾಳುವ ನರಸಿಂಹನ ಆಸ್ಥಾನಕ್ಕೆ ಹೋದರು. 1485ರಲ್ಲಿ ವಿಜಯನಗರದ ಸಿಂಹಾಸನವೇರಿದ ಅರಸನೇ ಈತ. ತಿರುಮಲೆಯಲ್ಲಿ ಹನ್ನೆರಡು ವರ್ಷ ಶ್ರೀನಿವಾಸನ ಪೂಜೆ ನಡೆಸಿದರೆಂದು ಸಂಪ್ರದಾಯ ಹೇಳುತ್ತದೆ. ಆಮೇಲೆ ರಾಜಧಾನಿಗೆ ಬಂದ ಅವರು ವೀರನರಸಿಂಹ, ಕೃಷ್ಣದೇವರಾಯ, ಅಚ್ಯುತದೇವರಾಯ ಈ ಮೂವರ ಆಳ್ವಿಕೆಯನ್ನೂ ಕಂಡರು. ಕೃಷ್ಣದೇವರಾಯನಿಗೆ ಕುಹಯೋಗವೆಂಬ ಕೆಟ್ಟ ಗಳಿಗೆ ಒದಗಿದಾಗ ಯತಿಗಳೇ ಸಿಂಹಾಸನದಲ್ಲಿ ಕುಳಿತು ಅದನ್ನು ಪರಿಹರಿಸಿದರೆಂಬ ಕಥೆ ಮನೆಮಾತಾಗಿದೆ. ವ್ಯಾಸರಾಜ ಎಂಬ ಹೆಸರಿಗೆ ಅದೇ ಕಾರಣವೆಂದೂ ಹೇಳುವುದುಂಟು. ಇದು ಐತಿಹ್ಯ. ಅರಸನ ಗುರು ತಾತಾಚಾರ್ಯರೆಂದು ಶ್ರೀವೈಷ್ಣವ ಪರಂಪರೆಯೂ ಅಷ್ಟೇ ಖಚಿತವಾಗಿ ಹೇಳುತ್ತದೆ. ಶಾಸನಗಳು ಸಾರುವ ಸಂಗತಿ ಇದಕ್ಕಿಂತ ಸ್ವಾರಸ್ಯವಾದುದು.

ಕೃಷ್ಣದೇವರಾಯ ಯಾವೊಂದು ಮತವನ್ನೂ ಏಕೈಕ ರಾಜಮತವನ್ನಾಗಿ ಮಾಡಲಿಲ್ಲ. ವಿರೂಪಾಕ್ಷನ ಗುಡಿಗೂ ತಿರುಪತಿಗೂ ದಾನ ಕೊಟ್ಟ. ಶ್ರೀವೈಷ್ಣವರನ್ನೂ ಮಾಧ್ವರನ್ನೂ ಶೈವರನ್ನೂ ಪೋಷಿಸಿದ. ಇಂಥ ರಾಜ್ಯದಲ್ಲಿ ಒಂದು ಸಣ್ಣ ಸಮುದಾಯ ತನ್ನ ಸ್ಥಾನವನ್ನು ತಾನೇ ದುಡಿದು ಗಳಿಸಬೇಕಿತ್ತು. ವ್ಯಾಸರಾಯರು ಅದನ್ನು ಮೂರು ದಾರಿಯಿಂದ ಗಳಿಸಿದರು. ಒಂದು, ಪಾಂಡಿತ್ಯ. ಕಳಿಂಗದಿಂದ ಬಂದ ಬಸವಭಟ್ಟನೆಂಬ ವಿದ್ವಾಂಸನೊಡನೆ ಅವರು ದೀರ್ಘಕಾಲ ವಾದ ನಡೆಸಿ ಗೆದ್ದುದನ್ನು ಸೋಮನಾಥ ವರ್ಣಿಸುತ್ತಾನೆ. ಎರಡು, ನೀರು. ಅರಸನಿಂದ ದೊರೆತ ಭೂಮಿಯಲ್ಲಿ ನೀರಾವರಿ ಮಾಡಿ ಬೇಸಾಯ ಬೆಳೆಸುವುದು ಮಠದ ಹೊಣೆಯಾಯಿತು. ಆಂಧ್ರಪ್ರದೇಶದ ವ್ಯಾಸಸಮುದ್ರವೆಂಬ ಕೆರೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಮೂರು, ದೇವಾಲಯಗಳಲ್ಲಿ ಸಹಭಾಗ. ಶ್ರೀವೈಷ್ಣವರ ಪ್ರಭಾವ ಬಲವಾಗಿದ್ದ ತಿರುಮಲೆಯಲ್ಲಿ ಮಾಧ್ವ ಮಠಕ್ಕೂ ಜಾಗ ದೊರೆಯಿತು. ಹಂಪಿಯ ವಿಜಯವಿಠ್ಠಲ ದೇವಾಲಯದ ನೈವೇದ್ಯದಲ್ಲಿ 1513ರಲ್ಲಿ ಅವರಿಗೆ ಪಾಲು ಸಂದಿತು. 1532ರಲ್ಲಿ ಅದೇ ದೇವಾಲಯದ ಆವರಣದಲ್ಲಿ ಅವರು ಯೋಗವರದ ನರಸಿಂಹನನ್ನು ಪ್ರತಿಷ್ಠಾಪಿಸಿದರು. ಸಿದ್ಧಾಂತದಲ್ಲಿ ರಾಮಾನುಜರನ್ನು ಒಪ್ಪದವರು ಗುಡಿಯ ಪ್ರಸಾದವನ್ನು ಅವರ ಅನುಯಾಯಿಗಳೊಡನೆ ಹಂಚಿಕೊಂಡರೆಂಬುದು ಗಮನಾರ್ಹ. ಅಮೆರಿಕದ ವಿದ್ವಾಂಸೆ ವ್ಯಾಲರಿ ಸ್ಟೋಕರ್ 2016ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ಪೈಪೋಟಿ ಮತ್ತು ಸಹಕಾರಗಳ ಈ ಜೋಡಿ ನಡೆಯನ್ನೇ ವಿವರವಾಗಿ ಚರ್ಚಿಸಿದ್ದಾರೆ.

ಆದರೂ ಅವರ ನಿಜವಾದ ಸಾಧನೆ ಇರುವುದು ಗ್ರಂಥಗಳಲ್ಲಿ. 'ನ್ಯಾಯಾಮೃತ', 'ತಾತ್ಪರ್ಯಚಂದ್ರಿಕಾ', 'ತರ್ಕತಾಂಡವ' ಈ ಮೂರನ್ನು ಒಟ್ಟಾಗಿ ವ್ಯಾಸತ್ರಯ ಎನ್ನುತ್ತಾರೆ. 'ನ್ಯಾಯಾಮೃತ' ಅದ್ವೈತದ ವಿಮರ್ಶೆ. 'ತಾತ್ಪರ್ಯಚಂದ್ರಿಕಾ' ಬ್ರಹ್ಮಸೂತ್ರಗಳಿಗೆ ಬೇರೆ ಬೇರೆ ಆಚಾರ್ಯರು ಹೇಳಿದ ಅರ್ಥಗಳನ್ನು ಅಕ್ಕಪಕ್ಕದಲ್ಲಿಟ್ಟು ತೂಗಿ ನೋಡುತ್ತದೆ. 'ತರ್ಕತಾಂಡವ' ಮಿಥಿಲೆಯ ಗಂಗೇಶನಿಂದ ಬೆಳೆದ ನವ್ಯನ್ಯಾಯವನ್ನು ಅದರದೇ ಪರಿಭಾಷೆಯಲ್ಲಿ ಎದುರಿಸುತ್ತದೆ. ಈ ಗ್ರಂಥಗಳ ಕ್ರಮವನ್ನು ಗಮನಿಸಬೇಕು. ಮೊದಲು ಪೂರ್ವಪಕ್ಷ ಬರುತ್ತದೆ. ಎದುರಾಳಿಯ ವಾದವನ್ನು ಎಲ್ಲಿಯೂ ಕುಗ್ಗಿಸದೆ, ಆತ ಹೇಳದೆ ಬಿಟ್ಟಿರಬಹುದಾದ ಸಮರ್ಥನೆಗಳನ್ನೂ ಸೇರಿಸಿ, ಅದರ ಅತ್ಯಂತ ಬಲವಾದ ರೂಪದಲ್ಲಿ ನಿಲ್ಲಿಸುತ್ತಾರೆ. ಖಂಡನೆ ಆಮೇಲೆ. ದುರ್ಬಲನನ್ನು ಎದುರಿಗೆ ನಿಲ್ಲಿಸಿಕೊಂಡು ಗೆಲ್ಲುವುದರಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಭಾರತೀಯ ದರ್ಶನಗಳ ಇತಿಹಾಸ ಬರೆದ ಸುರೇಂದ್ರನಾಥ ದಾಸಗುಪ್ತರು ತರ್ಕದ ಸೂಕ್ಷ್ಮತೆಯಲ್ಲಿ ವ್ಯಾಸತೀರ್ಥರಿಗೆ ಸಾಟಿಯಾದವರು ವಿರಳವೆಂದು ಭಾವಿಸಿದರು. ಅದಕ್ಕೆ ಈ ಪ್ರಾಮಾಣಿಕತೆಯೂ ಕಾರಣವಿರಬೇಕು.

ಇಂಥ ಗ್ರಂಥಕ್ಕೆ ಉತ್ತರವೂ ಅಂಥದೇ ಬಂತು. 'ನ್ಯಾಯಾಮೃತ'ದ ಒಂದೊಂದೇ ಆಕ್ಷೇಪವನ್ನು ಎತ್ತಿಕೊಂಡು ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯನ್ನು ಬರೆದರು. ಅದ್ವೈತ ಪರಂಪರೆಯ ಮೇರುಕೃತಿಗಳಲ್ಲಿ ಅದೂ ಒಂದು. ಅದಕ್ಕೆ ಮಾಧ್ವರ ಕಡೆಯಿಂದ ವ್ಯಾಸರಾಮಾಚಾರ್ಯರು 'ತರಂಗಿಣಿ'ಯಲ್ಲಿ ಮರುತ್ತರ ಕೊಟ್ಟರು. ಆ ಉತ್ತರ ಬರೆಯುವ ಮುನ್ನ ರಾಮಾಚಾರ್ಯರು ಮಧುಸೂದನರಲ್ಲಿಯೇ ಶಿಷ್ಯರಾಗಿ ಓದಿದರೆಂದು ಐತಿಹ್ಯವಿದೆ. ಮುಂದೆ ಬ್ರಹ್ಮಾನಂದರು ಅದ್ವೈತದ ಪರವಾಗಿ ಮತ್ತೆ ಲೇಖನಿ ಹಿಡಿದರು. ತಲೆಮಾರುಗಳ ಉದ್ದಕ್ಕೂ ಹರಿದ ಈ ವಾದದಿಂದ ಎರಡೂ ಮತಗಳು ಬೆಳೆದವು. ವ್ಯಾಸರಾಯರು ಇಲ್ಲದಿದ್ದರೆ ಅದ್ವೈತಕ್ಕೆ 'ಅದ್ವೈತಸಿದ್ಧಿ' ದೊರೆಯುತ್ತಿರಲಿಲ್ಲ. ಒಳ್ಳೆಯ ವಿರೋಧಿ ಮತಕ್ಕೆ ಮಾಡುವ ಉಪಕಾರ ಇದು.

ಪಂಡಿತರ ಲೋಕದಲ್ಲಿ ನಿಂತುಬಿಟ್ಟಿದ್ದರೆ ಅವರ ಹೆಸರು ಗ್ರಂಥಭಂಡಾರಗಳನ್ನು ದಾಟುತ್ತಿರಲಿಲ್ಲ. ಶ್ರೀಪಾದರಾಜರ ದಾರಿ ಹಿಡಿದು ಶ್ರೀಕೃಷ್ಣ ಎಂಬ ಅಂಕಿತದಲ್ಲಿ ಅವರು ಕನ್ನಡದಲ್ಲಿ ಹಾಡು ಕಟ್ಟಿದರು. ತುಂಟ ಕೃಷ್ಣನನ್ನು ಬೇಗ ಬಾ ಎಂದು ಕರೆಯುವ ಅವರ ಹೆಸರಿನ ಕೃತಿಯೊಂದು ಬಾಲಸರಸ್ವತಿಯವರ ಅಭಿನಯದ ಮೂಲಕ ಕನ್ನಡ ಬಾರದವರನ್ನೂ ತಲುಪಿತು. ಸತ್ಯಜಿತ್ ರಾಯ್ 1976ರಲ್ಲಿ ತಯಾರಿಸಿದ ಸಾಕ್ಷ್ಯಚಿತ್ರದಲ್ಲಿ ಅದು ಉಳಿದಿದೆ. ಪುರಂದರದಾಸರು ಅವರಿಂದ ದಾಸದೀಕ್ಷೆ ಪಡೆದರು. ವಾದಿರಾಜರು, ವಿಜಯೀಂದ್ರರು ಅವರ ಬಳಿ ಓದಿದರು. ಕುರುಬ ಸಮುದಾಯದಲ್ಲಿ ಹುಟ್ಟಿದ ಕನಕದಾಸರನ್ನು ಅವರು ಶಿಷ್ಯರಾಗಿ ಸ್ವೀಕರಿಸಿದರೆಂದೂ, ಮಠದೊಳಗೆ ಗೊಣಗಿದವರಿಗೆ ಬಾಳೆಹಣ್ಣಿನ ಪರೀಕ್ಷೆಯೊಡ್ಡಿ ಕನಕರ ಅರಿವು ಎಷ್ಟು ದೊಡ್ಡದೆಂದು ತೋರಿಸಿದರೆಂದೂ ಪರಂಪರೆ ಹೇಳುತ್ತದೆ.

ಈ ಕಥೆಯನ್ನು ಕೇಳಿ ಹಿಗ್ಗುವಾಗ ಒಂದು ಕಟುಸತ್ಯವನ್ನೂ ಮರೆಯಬಾರದು. ಕನಕರಿಗೆ ಮನ್ನಣೆ ಸಿಕ್ಕಿತೇ ಹೊರತು ಕನಕರ ಕುಲದವರಿಗೆ ಶಾಸ್ತ್ರಾಧ್ಯಯನದ ಬಾಗಿಲು ತೆರೆಯಲಿಲ್ಲ. ಮಠದ ಪೀಠ, ಪಾಠ, ಪಂಕ್ತಿ ಎಲ್ಲವೂ ಹುಟ್ಟಿನ ಗಡಿಯೊಳಗೇ ಉಳಿದವು. ಅಂದಿನ ವಾದಸಭೆ ಎಷ್ಟೇ ಉದಾರವಾಗಿದ್ದರೂ ಅಲ್ಲಿ ಮಾತನಾಡುವ ಅಧಿಕಾರ ಕೆಲವರಿಗೆ ಮಾತ್ರ ಇತ್ತು. ಐದು ಶತಮಾನಗಳ ಹಿಂದಿನ ಯತಿಯೊಬ್ಬರನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲ ಎನ್ನಬಹುದು. ಆದರೆ ಅವರ ಕಾಲದಲ್ಲೇ ಕನಕದಾಸರು ಕುಲದ ಪ್ರಶ್ನೆಯನ್ನು ಎತ್ತಿದ್ದರಲ್ಲವೇ? ದಾಸಕೂಟದ ಹಾಡು ಬೀದಿಗೆ ತಂದ ಅರಿವನ್ನು ಮಠದ ವ್ಯವಸ್ಥೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಈ ಕೊರತೆಯನ್ನು ಒಪ್ಪಿಕೊಳ್ಳುವುದರಿಂದ ವ್ಯಾಸರಾಯರ ಹಿರಿಮೆಗೆ ಕುಂದಿಲ್ಲ. ಅವರು ಅರ್ಧ ತೆರೆದ ಬಾಗಿಲನ್ನು ಪೂರ್ತಿ ತೆರೆಯುವ ಹೊಣೆ ನಂತರದವರದಾಗಿತ್ತು.

ಅವರು ಪ್ರತಿಷ್ಠಾಪಿಸಿದ ಹನುಮನ ಗುಡಿಗಳು 732 ಎಂದು ನಂಬಿಕೆ. ಹಂಪಿಯ ಚಕ್ರತೀರ್ಥದ ಬಳಿಯ ಯಂತ್ರೋದ್ಧಾರಕ ಆಂಜನೇಯ ಅವುಗಳಲ್ಲಿ ಮುಖ್ಯವಾದುದು. ನದಿಯ ಈಚೆ ದಡದಲ್ಲಿ ಹನುಮ ಹುಟ್ಟಿದನೆಂದು ನಂಬಲಾದ ಅಂಜನಾದ್ರಿ ಇದೆ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಸೀಮೆಯ ಹಳ್ಳಿಗಳಲ್ಲಿ ಊರ ಹನುಮಪ್ಪನಿಲ್ಲದ ಊರು ಅಪರೂಪ. ಹನುಮಪ್ಪ, ಹನುಮವ್ವ ಎಂಬ ಹೆಸರುಗಳು ಯಾವ ಒಂದು ಜಾತಿಯ ಸೊತ್ತೂ ಅಲ್ಲ. ಅವೆಲ್ಲವನ್ನೂ ವ್ಯಾಸರಾಯರ ಲೆಕ್ಕಕ್ಕೆ ಬರೆಯಬೇಕಾಗಿಲ್ಲ. ಆದರೆ ಶಾಸ್ತ್ರದ ಗಂಧವಿಲ್ಲದವನೂ ನೇರವಾಗಿ ಕೈಮುಗಿಯಬಹುದಾದ ದೈವವನ್ನು ಅವರು ಆಯ್ದುಕೊಂಡರೆಂಬುದು ಅವರ ಲೋಕಜ್ಞಾನಕ್ಕೆ ಸಾಕ್ಷಿ.

1539ರ ಮಾರ್ಚ್‌ನಲ್ಲಿ, ವಿಳಂಬಿ ಸಂವತ್ಸರದ ಫಾಲ್ಗುಣ ಬಹುಳ ಚತುರ್ಥಿಯಂದು ಅವರು ದೇಹ ಬಿಟ್ಟರು. ರಾಜಧಾನಿಯ ಎದುರು ದಡದ ಆನೆಗೊಂದಿಯ ನಡುಗಡ್ಡೆಯಲ್ಲಿ, ಹಿಂದಿನ ಯತಿಗಳ ಸಾಲಿನಲ್ಲಿ ಅವರ ಬೃಂದಾವನ ಎದ್ದಿತು. 1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು, ಅರಸೊತ್ತಿಗೆ ಪೆನುಗೊಂಡೆಗೆ ಹೋಯಿತು. ಸಿಂಹಾಸನ ಉಳಿಯಲಿಲ್ಲ. ಗ್ರಂಥ, ಹಾಡು, ಕೆರೆ, ಗುಡಿ ಉಳಿದವು.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ನಾಲ್ಕು ತಾಲ್ಲೂಕುಗಳೊಡನೆ ರೂಪುಗೊಂಡ ಕೊಪ್ಪಳ ಜಿಲ್ಲೆ ಎಲ್ಲ ಮತಗಳಿಗೂ ತವರು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡುವಿನಲ್ಲಿಯೂ ಅಶೋಕನ ಶಾಸನಗಳಿವೆ. ಅದೇ ಊರು ಕೊಪಣವೆಂಬ ಹೆಸರಿನಲ್ಲಿ ಜೈನರ ಮಹಾತೀರ್ಥವಾಗಿತ್ತು. ಇಂದು ಗವಿಮಠದ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವಿದೆ. ಬೌದ್ಧ, ಜೈನ, ಶೈವ, ವೈಷ್ಣವ, ಶರಣ ಪರಂಪರೆಗಳು ಒಂದರ ಪಕ್ಕದಲ್ಲೊಂದು ಬಾಳಿದ ಈ ನೆಲದಲ್ಲಿ ವ್ಯಾಸರಾಯರ ಬೃಂದಾವನ ಇರುವುದು ಉಚಿತವೇ ಆಗಿದೆ.

ತನ್ನ ಸಮುದಾಯವನ್ನು ಬಲಪಡಿಸಲು ಹೊರಟವರು ಇಂದು ಮೊದಲು ಮಾಡುವ ಕೆಲಸ ಪಕ್ಕದವರ ಮೇಲೆ ಅನುಮಾನ ಬಿತ್ತುವುದು. ಪಕ್ಕದವರ ಗ್ರಂಥವನ್ನು ಒಂದು ಪುಟವೂ ಓದದೆ ಅವರ ಮತದ ಬಗ್ಗೆ ತೀರ್ಪು ಕೊಡುವವರಿಗೆ ವೇದಿಕೆಗಳ ಕೊರತೆಯಿಲ್ಲ. ವ್ಯಾಸರಾಯರು ಸ್ವಮತನಿಷ್ಠೆಯಲ್ಲಿ ಎಳ್ಳಷ್ಟೂ ಸಡಿಲಗೊಂಡವರಲ್ಲ. ಎಲ್ಲ ಮತಗಳೂ ಒಂದೇ ಎಂದು ಅವರು ಹೇಳಲೂ ಇಲ್ಲ. ಭಿನ್ನಾಭಿಪ್ರಾಯವನ್ನು ಪೂರ್ತಿಯಾಗಿ ಇಟ್ಟುಕೊಂಡೇ ಎದುರಿನವರನ್ನು ಓದಿದರು, ಅವರಿಗೆ ಉತ್ತರ ಬರೆದರು, ಅವರೊಡನೆ ಪ್ರಸಾದ ಹಂಚಿಕೊಂಡರು. 2019ರಲ್ಲಿ ಕಲ್ಲಿನ ಬೃಂದಾವನವನ್ನು ಕೆಲವೇ ದಿನಗಳಲ್ಲಿ ಮರಳಿ ಕಟ್ಟಲು ಸಾಧ್ಯವಾಯಿತು. ವಾದದ ಆ ಮರ್ಯಾದೆಯನ್ನು ಮರಳಿ ಕಟ್ಟಲು ಹೆಚ್ಚು ಕಾಲ ಬೇಕು. ಆ ಕೆಲಸ ಎದುರಾಳಿಯ ಪುಸ್ತಕವನ್ನು ಕೈಗೆತ್ತಿಕೊಳ್ಳುವುದರಿಂದ ಶುರುವಾಗಬೇಕು.