ಜೇಮ್ಸ್ ವಾಟ್: ಪೇಟೆಂಟಿಗೆ ತೆತ್ತ ಬೆಲೆ

ಉಗಿಯಂತ್ರಕ್ಕೆ ಹೊಸ ರೂಪ ನೀಡಿದ ಜೇಮ್ಸ್ ವಾಟ್ ಜನಿಸಿದ್ದು 1736ರಲ್ಲಿ, ಸ್ಕಾಟ್ಲೆಂಡಿನ ಗ್ರೀನಾಕ್‌ನಲ್ಲಿ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣ ತಯಾರಕನಾಗಿದ್ದ ಆತ, ದುರಸ್ತಿಗೆ ಬಂದ ನ್ಯೂಕಮನ್ ಯಂತ್ರದ ಮಾದರಿಯಲ್ಲಿ ಉಗಿ ವ್ಯರ್ಥವಾಗುವುದನ್ನು ಗಮನಿಸಿದ. ಉಗಿಯನ್ನು ಪ್ರತ್ಯೇಕ ಪಾತ್ರೆಯಲ್ಲಿ ತಣಿಸಿದರೆ ಇಂಧನ ಉಳಿಯುವುದೆಂಬ ಉಪಾಯ 1765ರಲ್ಲಿ ಹೊಳೆಯಿತು.

ಆದರೆ ಕೈಯಲ್ಲಿ ಹಣವಿರಲಿಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಪೇಟೆಂಟ್ ಅರ್ಜಿ ಹಲವು ಕಚೇರಿಗಳನ್ನು ದಾಟಿ ರಾಜಮುದ್ರೆ ಪಡೆಯಬೇಕಿತ್ತು. ಹಂತಹಂತಕ್ಕೂ ಶುಲ್ಕ ತೆರಬೇಕಿತ್ತು. ವಾಟ್‌ನ ಸಾವಿರ ಪೌಂಡ್ ಸಾಲವನ್ನೂ ಪೇಟೆಂಟಿನ ವೆಚ್ಚವನ್ನೂ ಉದ್ಯಮಿ ಜಾನ್ ರೋಬಕ್ ವಹಿಸಿಕೊಂಡ. ಪ್ರತಿಯಾಗಿ ಹಕ್ಕಿನ ಮೂರನೇ ಎರಡು ಪಾಲು ಆತನದಾಯಿತು. 1769ರ ಜನವರಿಯಲ್ಲಿ ಪೇಟೆಂಟ್ ದೊರೆಯಿತು.

ಹಕ್ಕು ದೊರೆತ ಮಾತ್ರಕ್ಕೆ ಯಂತ್ರ ಸಿದ್ಧವಾಗಲಿಲ್ಲ. ಹೊಟ್ಟೆಪಾಡಿಗಾಗಿ ವಾಟ್ ಕಾಲುವೆಗಳ ಸರ್ವೇ ಕಾರ್ಯದಲ್ಲಿ ವರ್ಷಗಳನ್ನು ಕಳೆದ. ರೋಬಕ್ ದಿವಾಳಿಯಾಗಿ, ಆತನ ಪಾಲು ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್‌ಗೆ ಸೇರಿತು. 14 ವರ್ಷಗಳ ಅವಧಿ ಸಾಲದೆಂದು 1775ರಲ್ಲಿ ಸಂಸತ್ತಿನ ವಿಶೇಷ ಕಾಯ್ದೆಯ ಮೂಲಕ ಹಕ್ಕನ್ನು 1800ರವರೆಗೆ ವಿಸ್ತರಿಸಲಾಯಿತು.

ಕಲ್ಲಿದ್ದಲಿನ ಉಳಿತಾಯದಲ್ಲಿ ಮೂರನೇ ಒಂದು ಭಾಗವನ್ನು ಗ್ರಾಹಕರು ರಾಯಧನವಾಗಿ ತೆರಬೇಕಿತ್ತು. ಕೆಲವರು ಅದನ್ನು ಕೊಡಲೊಪ್ಪಲಿಲ್ಲ. ಇನ್ನು ಕೆಲವರು ಯಂತ್ರವನ್ನೇ ನಕಲು ಮಾಡಿದರು. ವರ್ಷಗಟ್ಟಲೆ ನಡೆದ ವ್ಯಾಜ್ಯದಲ್ಲಿ ಅಂತಿಮ ಜಯ ಲಭಿಸಿದ್ದು 1799ರಲ್ಲಿ, ಹಕ್ಕಿನ ಅವಧಿ ಮುಗಿಯುತ್ತ ಬಂದಾಗ.

1819ರಲ್ಲಿ ವಾಟ್ ಶ್ರೀಮಂತನಾಗಿಯೇ ನಿಧನನಾದ. ಆದರೆ ತನ್ನದೇ ಉಪಾಯವನ್ನು ತನ್ನದೆನಿಸಿಕೊಳ್ಳಲು ಆತ ತೆತ್ತ ಬೆಲೆಯಲ್ಲಿ ಕಚೇರಿಯ ಶುಲ್ಕ ಮೊದಲ ಕಂತು ಮಾತ್ರವಾಗಿತ್ತು.