ಕೆನ್ನೆತ್ ಆಂಡರ್ಸನ್ ಮತ್ತು ಅವರ ಹಳೆಯ ರೈಫಲು

ಉದಗೀರ, ನಿಲಂಗಾ ತಾಲೂಕುಗಳು 1956ರ ವರೆಗೆ ಬೀದರ ಜಿಲ್ಲೆಯಲ್ಲಿದ್ದುವು. ಉಮರ್ಗಾ ಪಕ್ಕದ ಉಸ್ಮಾನಾಬಾದಿಗೆ ಸೇರಿತ್ತು. ನಮ್ಮ ಕಾಸರಗೋಡು ಕೇರಳದ ಪಾಲಾದ ದಿನವೇ ಅವು ಮೂರೂ ಮುಂಬಯಿ ರಾಜ್ಯಕ್ಕೆ ಸೇರಿದುವು. ಅಲ್ಲಿಯ ಕನ್ನಡ ಮನೆಗಳ ಪಾಡು ಏನೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಅವರು ಬಂದೂಕೆನ್ನುವುದನ್ನು ನಾವು ಕೋವಿ ಎನ್ನುತ್ತೇವೆ, ಅಷ್ಟೆ. ಪರವಾನಿಗೆ ಪಡೆದು ಬೇಟೆಯಾಡಬಹುದಾಗಿದ್ದ ಆ ಕಾಲದಲ್ಲಿ ಎರಡೂ ಕಡೆಯ ಒಕ್ಕಲು ಮಗನ ಪ್ರಶ್ನೆ ಒಂದೇ ಆಗಿತ್ತು: ಕೈಯಲ್ಲಿರುವುದು ಅಲ್ಪ ಹಣ, ಹಂದಿಗೂ ಆಗಬೇಕು, ಚಿರತೆಗೂ ಆಗಬೇಕು, ಹಾಗಿರುವ ಒಂದೇ ಕೋವಿ ಯಾವುದು?

ಈ ಪ್ರಶ್ನೆಗೆ ತನ್ನ ಬದುಕಿನಿಂದಲೇ ಉತ್ತರ ಕೊಟ್ಟವರು ಕೆನ್ನೆತ್ ಆಂಡರ್ಸನ್. ಅವರು ಹುಟ್ಟಿದ್ದು 1910ರ ಮಾರ್ಚ್ 8ರಂದು, ಅದೇ ನಿಜಾಮ ಸಂಸ್ಥಾನದ ಬೊಲಾರಂನಲ್ಲಿ. ಮೂಲತಃ ಸ್ಕಾಟ್‌ಲ್ಯಾಂಡಿನ ಮನೆತನವಾದರೂ ಹಲವು ತಲೆಮಾರುಗಳಿಂದ ಭಾರತದಲ್ಲೇ ನೆಲೆನಿಂತವರು. ತಂದೆ ಸೈನ್ಯದ ಸಂಬಳದ ಲೆಕ್ಕಪತ್ರ ಇಲಾಖೆಯಲ್ಲಿದ್ದರು. ಮಗ ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ ಕಾಲೇಜುಗಳಲ್ಲಿ. ಕಾನೂನು ಕಲಿಯಲೆಂದು ಎಡಿನ್‌ಬರೋಗೆ ಕಳುಹಿಸಿದರೆ ಓದನ್ನು ಅರ್ಧಕ್ಕೇ ಬಿಟ್ಟು ಮರಳಿ ಬಂದರು. ಅಂಚೆ ತಂತಿ ಇಲಾಖೆಯಲ್ಲಿ ಸುಮಾರು 15 ವರ್ಷ ದುಡಿದು, ಮುಂದೆ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಸೇರಿದರು. ಅಂದರೆ, ತಿಂಗಳ ಸಂಬಳದ ಮನುಷ್ಯ. ರಜೆ ಸಿಕ್ಕಿದಾಗ ಕಾಡಿಗೆ ಹೋಗುತ್ತಿದ್ದವರು. ರಾಜಮಹಾರಾಜರ ಬೇಟೆಗೂ ಇವರ ಬೇಟೆಗೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಗಮನಿಸಬೇಕು.

ರಾಜರಿಗೆ ಇಂಗ್ಲೆಂಡಿನಲ್ಲಿ ಕೈಯಿಂದ ಮಾಡಿಸಿದ ಜೋಡು ನಳಿಗೆಯ ರೈಫಲುಗಳಿದ್ದುವು. ಅವುಗಳ ಬೆಲೆ ಸಾಮಾನ್ಯ ನೌಕರನಿಗೆ ಎಟುಕುವಂಥದಲ್ಲ. ಸೈನ್ಯದ 303 ತೋಟೆಯ ರೈಫಲನ್ನು ಖಾಸಗಿಯವರು ಇಟ್ಟುಕೊಳ್ಳುವುದಕ್ಕೆ ಕಾನೂನಿನ ತಡೆ. ಹಳ್ಳಿಗರ ಕೇಪಿನ ಕೋವಿಯೋ, ಒಂದು ಗುಂಡು ಹಾರಿದ ಮೇಲೆ ಮತ್ತೆ ಮದ್ದು ಜಡಿಯುವಷ್ಟರಲ್ಲಿ ಹುಲಿ ಮೈಮೇಲೆ ಬಿದ್ದಿರುತ್ತದೆ. ಇವುಗಳ ನಡುವೆ ಆಂಡರ್ಸನ್ನರ ಕೈಯಲ್ಲಿ ನೆಲೆನಿಂತದ್ದು ಅಮೆರಿಕದ ವಿಂಚೆಸ್ಟರ್ ಕಂಪೆನಿಯ 405 ರೈಫಲು. ಜಾನ್ ಬ್ರೌನಿಂಗ್ ರೂಪಿಸಿದ 1895ರ ಮಾದರಿ. ಅದಕ್ಕೆ 405ರ ತೋಟೆ ಬಂದದ್ದು 1904ರಲ್ಲಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಒಯ್ದದ್ದೂ ಇದೇ ಮಾದರಿಯನ್ನು. ಕಾರ್ಖಾನೆಯಲ್ಲಿ ರಾಶಿರಾಶಿಯಾಗಿ ತಯಾರಾದ ಸರಕು, ಅಂದಚೆಂದ ಕಡಿಮೆ.

ಇದರ ಗುಣವೇನು? ಕುದುರೆಯ ಕೆಳಗೆ ಬಳೆಯಂತಹ ಒಂದು ಹಿಡಿ. ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಖಾಲಿ ತೋಟೆ ಹೊರಕ್ಕೆ ಹಾರಿ ಹೊಸತು ನಳಿಗೆಗೆ ಏರುತ್ತದೆ. ಹೆಗಲಿನಿಂದ ಕೋವಿ ಇಳಿಸಬೇಕಾಗಿಲ್ಲ. ಗುಂಡಿನ ತೂಕ ಸುಮಾರು 19 ಗ್ರಾಂ. ಸೆಕೆಂಡಿಗೆ ಸುಮಾರು 2,200 ಅಡಿ ವೇಗ. ಜಿಂಕೆಯಿಂದ ಹುಲಿಯ ತನಕ ಸಾಕು. ಆನೆಗೆ ಇದು ತಕ್ಕದ್ದಲ್ಲ ಎಂದು ಬಲ್ಲವರ ಅಭಿಪ್ರಾಯ. ಗುಂಡಿನ ಮೂತಿ ಮೊಂಡಾದ್ದರಿಂದ ದೂರ ಹೋದಂತೆ ಬೇಗನೆ ಕೆಳಕ್ಕೆ ಬಾಗುತ್ತದೆ. ಉದಗೀರದ ಕಡೆಯ ಬಟಾಬಯಲಿನಲ್ಲಿ ಮುನ್ನೂರು ಗಜದಾಚೆಯ ಕೃಷ್ಣಮೃಗಕ್ಕೆ ಇದನ್ನು ಹಿಡಿದವನು ತೋಟೆ ದಂಡಮಾಡಿಕೊಂಡಾನು. ನಾಲ್ಕು ಮಾರು ದೂರದಲ್ಲಿ ಪೊದೆಯಿಂದ ನೆಗೆಯುವ ಪ್ರಾಣಿಗೆ ಮಾತ್ರ ಇದಕ್ಕಿಂತ ಒಳ್ಳೆಯದು ಅದೇ ಬೆಲೆಗೆ ಸಿಗುವುದು ಕಷ್ಟವಿತ್ತು. ಎಲ್ಲಕ್ಕೂ ಆಗುವ ಕೋವಿಯೆಂಬುದು ಇಲ್ಲವೆಂದೇ ನಮ್ಮ ಎಣಿಕೆ. ತನ್ನ ಕಾಡಿಗೆ ಆಗುವ ಕೋವಿ ಇರುತ್ತದೆ, ಅಷ್ಟೆ.

ಒಂದು ತೊಂದರೆ ಮಾತ್ರ ಇತ್ತು. 1930ರ ದಶಕದಲ್ಲಿ ಆ ರೈಫಲಿನ ತಯಾರಿಕೆ ನಿಂತಿತು. ಮುಂದೆ ತೋಟೆಗಳೂ ಅಪರೂಪವಾದುವು. ಅಗ್ಗವೆಂದು ಕೋವಿ ಕೊಳ್ಳುವವರು ತೋಟೆಯ ಗತಿಯನ್ನು ಮೊದಲೇ ಯೋಚಿಸದಿದ್ದರೆ ಕೊನೆಗೆ ಕೈಯಲ್ಲಿ ಉಳಿಯುವುದು ದೊಣ್ಣೆ.

ಗುಮ್ಮಳಾಪುರದ ಚಿರತೆಯ ಕಥೆ ಹಲವರಿಗೆ ಗೊತ್ತಿರಬಹುದು. ಡೆಂಕಣಿಕೋಟೆಯ ಕಡೆಯ ಆ ಸೀಮೆಯೂ ತಮಿಳುನಾಡಿಗೆ ಸೇರಿದ ಗಡಿ. ಅಲ್ಲಿಯೂ ಕನ್ನಡದ ಮನೆಗಳಿವೆ. ಚಿರತೆ 42 ಜನರನ್ನು ಕೊಂದಿತ್ತು. ಸಂಜೆಯಾದರೆ ಊರಿಗೆ ಊರೇ ಬಾಗಿಲು ಜಡಿದುಕೊಳ್ಳುತ್ತಿತ್ತು. ಆಂಡರ್ಸನ್ ರೈಫಲಿಗೆ ಟಾರ್ಚು ಬಿಗಿದು ರಾತ್ರಿಗಳನ್ನು ಕಳೆದರು. ಊರಿನ ಒಂದು ಬೀದಿನಾಯಿ ಅವರಿಗೆ ಹೊಂದಿಕೊಂಡಿತು. ಕಡೆಗೆ ಒಂದು ರಾತ್ರಿ ಅದರ ಗುರುಗುಟ್ಟುವಿಕೆಯೇ ಅವರನ್ನು ಎಚ್ಚರಿಸಿತು. ಟಾರ್ಚಿನ ಬೆಳಕಿನಲ್ಲಿ ಗುಂಡು ಹಾರಿತು. ಸತ್ತ ಚಿರತೆಯ ಪಾದವನ್ನು ಪರೀಕ್ಷಿಸಿದಾಗ ಮುಳ್ಳುಹಂದಿಯ ಮುಳ್ಳುಗಳು ಮುರಿದು ಒಳಗೇ ಉಳಿದಿದ್ದುವು. ಕುಂಟುಕಾಲಿನಿಂದ ಬೇರೆ ಬೇಟೆ ಸಿಗದೆ ಮನುಷ್ಯನ ಮೇಲೆ ತಿರುಗಿತ್ತು. ನಾಯಿಯನ್ನು ಆಂಡರ್ಸನ್ ಮನೆಗೆ ಕರೆತಂದು ನಿಪ್ಪರ್ ಎಂದು ಹೆಸರಿಟ್ಟು ಸಾಕಿದರು. ಕೋವಿಯ ಹೊಗಳಿಕೆಯಲ್ಲಿ ಆ ನಾಯಿಯನ್ನು ಮರೆಯಬಾರದೆಂದು ಇದನ್ನು ಬರೆದೆವು.

1939ರಿಂದ 1966ರ ವರೆಗೆ ಸರಕಾರದ ದಾಖಲೆಯಂತೆ ಅವರು ಕೊಂದ ನರಭಕ್ಷಕಗಳು 8 ಚಿರತೆ, 7 ಹುಲಿ. ಕಾಡಿನ ಜನರ ಜತೆ ಅವರಿಗೆ ಸ್ನೇಹ. ಬೈರನೆಂಬ ಪೂಜಾರಿ ಅವರ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತಾನೆ. ಮೊದಲ ಪುಸ್ತಕ ಹೊರಬಂದದ್ದು 1954ರಲ್ಲಿ. ವಯಸ್ಸಾದಂತೆ ಬೇಟೆಗಿಂತ ಕಾಡಿನ ಉಳಿವಿನ ಚಿಂತೆಯೇ ಅವರಿಗೆ ಹೆಚ್ಚಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಹುಲಿ ಚಿರತೆಗಳ ಬೇಟೆ ನಿಂತುಹೋಯಿತು. ಎರಡು ವರ್ಷದ ಬಳಿಕ, 1974ರ ಆಗಸ್ಟ್ 30ರಂದು, ಬೆಂಗಳೂರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ಅವರ ಇಂಗ್ಲಿಷ್ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂಬ ಮಾಲೆಯಲ್ಲಿ ಕನ್ನಡಕ್ಕೆ ತಂದಿದ್ದಾರೆ. ನಾಲ್ಕು ಭಾಗಗಳಿವೆ. ಮಕ್ಕಳಿರುವ ಮನೆಯವರು ಮಂಗಳೂರಿನ ಕಡೆ ಹೋದಾಗ ಮರೆಯದೆ ತರಬಹುದು.